ಸೇತುವೆಯ ಸುಂಕ: ಋಣವೋ, ಕಪ್ಪವೋ?

ಹೊಳೆಯನ್ನು ದಾಟಿಸಿದ ಅಂಬಿಗನಿಗೆ ಕಾಸು ಕೊಡದೆ ದಡ ಹತ್ತಿಹೋಗುವವನನ್ನು ನಮ್ಮ ಜನರು ಎಂದೂ ಮರ್ಯಾದಸ್ಥನೆಂದು ಎಣಿಸಿದವರಲ್ಲ. ಆದರೆ ಅದೇ ಜನರು “ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ” ಎಂಬ ಗಾದೆಯನ್ನೂ ಕಟ್ಟಿದರು. ಅಂಬಿಗನಿಗೆ ಕೊಡುವುದೂ ಹಣವೇ, ಸುಂಕದವನಿಗೆ ಕೊಡುವುದೂ ಹಣವೇ. ಒಂದನ್ನು ಸಂತೋಷದಿಂದಲೂ ಇನ್ನೊಂದನ್ನು ಸಂಕಟದಿಂದಲೂ ಕೊಟ್ಟುದಕ್ಕೆ ಕಾರಣವೇನು? ಅಂಬಿಗನು ಬೆವರು ಸುರಿಸಿ ಹುಟ್ಟು ಹಾಕುವುದನ್ನು ಕಣ್ಣಾರೆ ಕಾಣುತ್ತೇವೆ. ಕೊಟ್ಟ ಕಾಸಿಗೂ ಪಡೆದ ಉಪಕಾರಕ್ಕೂ ಇರುವ ಸಂಬಂಧವು ಮಗುವಿಗೂ ತಿಳಿಯುವಂಥದು. ಸುಂಕದ ಕಟ್ಟೆಯಲ್ಲಿ ಆ ಸಂಬಂಧವು ಕಾಣುವುದಿಲ್ಲ. ಏಕೆ ಕೊಡುತ್ತೇವೆ, ಯಾರಿಗೆ ಕೊಡುತ್ತೇವೆ, ಎಲ್ಲಿಯವರೆಗೆ ಕೊಡಬೇಕು ಎಂಬ ಮೂರು ಪ್ರಶ್ನೆಗಳಿಗೆ ಅಲ್ಲಿ ಕುಳಿತವನು ಉತ್ತರ ಹೇಳುವವನಲ್ಲ. ಈ ಮೂರು ಪ್ರಶ್ನೆಗಳನ್ನು ಇಂದಿನ ಸೇತುವೆಗಳ ಸುಂಕದ ವಿಷಯದಲ್ಲಿ ಎತ್ತುವುದೇ ಈ ಲೇಖನದ ಉದ್ದೇಶ.

ಕೊರಟಗೆರೆ ತಾಲ್ಲೂಕಿನ ಕೊಳಾಲದಂಥ ಬಯಲುಸೀಮೆಯ ಹೋಬಳಿಯಲ್ಲಿ ಕುಳಿತು ಮಹಾನದಿಗಳ ಸೇತುವೆಯ ಚಿಂತೆಯೇಕೆ ಎಂದು ವಾಚಕರು ಕೇಳಬಹುದು. ಈ ಸೀಮೆಯ ಸುವರ್ಣಮುಖಿ ಜಯಮಂಗಲಿಗಳು ವರ್ಷದ ಬಹುಕಾಲ ಮರಳಿನ ಹಾದಿಗಳೇ ಹೊರತು ದೋಣಿ ಬೇಡುವ ಹೊಳೆಗಳಲ್ಲ. ಆದರೆ ಹೊಳೆಯಿಲ್ಲದ ಊರಿನವನೂ ಸೇತುವೆಯ ಸುಂಕವನ್ನು ತಪ್ಪಿಸಿಕೊಳ್ಳುವಂತಿಲ್ಲ. ಇಲ್ಲಿನ ಒಕ್ಕಲಿಗನು ಹೂವು ತರಕಾರಿಗಳನ್ನು ಬೆಂಗಳೂರಿನ ಪೇಟೆಗೆ ಸಾಗಿಸಹೊರಟು ದಾಬಸ್‌ಪೇಟೆಯ ಬಳಿ ಹೆದ್ದಾರಿಯನ್ನು ಸೇರಿದನೆಂದರೆ, ನಗರವನ್ನು ಮುಟ್ಟುವುದರೊಳಗೆ ಸುಂಕದ ಕಟ್ಟೆ ಎದುರಾಗುವುದು. ಪೀಣ್ಯದ ಮೇಲುಸೇತುವೆ ಎದುರಾಗುವುದು. ಜಯಮಂಗಲಿಯು ಹುಟ್ಟುವ ದೇವರಾಯನದುರ್ಗದ ಬೆಟ್ಟಗಳಲ್ಲಿಯೇ ಶಿಂಷೆಯೂ ಹುಟ್ಟುತ್ತದೆ. ಒಂದು ಉತ್ತರಪಿನಾಕಿನಿಯನ್ನು ಸೇರುವುದು, ಇನ್ನೊಂದು ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಕೂಡುವುದು. ನೀರು ಯಾವ ನದಿಯನ್ನು ಸೇರಿತೆಂದು ನಾವು ಬಲ್ಲೆವು. ನಾವು ತೆತ್ತ ಸುಂಕವು ಯಾವ ಕಡಲನ್ನು ಸೇರಿತೆಂದು ಬಲ್ಲವರು ನಮ್ಮಲ್ಲಿ ಎಷ್ಟು ಜನ?

ಹಿಂದಿನವರ ಸುಂಕ, ಹಿಂದಿನವರ ಸೇತುವೆ

ಸುಂಕವೆಂಬುದು ಕನ್ನಡ ನಾಡಿಗೆ ಹೊಸತಲ್ಲ. ಚಾಲುಕ್ಯರ ಹೊಯ್ಸಳರ ಕಾಲದ ಶಾಸನಗಳನ್ನು ಓದಿದವರಿಗೆ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಹೆಸರುಗಳು ಪರಿಚಿತವಾದುವು. ಇವುಗಳ ಸಾಲಿನಲ್ಲಿಯೇ ಕಿರುಕುಳ ಎಂಬ ಸಣ್ಣ ಸುಂಕವೂ ಬರುತ್ತದೆ. ಅದೇ ರೂಪದ ಮಾತು ಇಂದು ಪೀಡೆ ಎಂಬ ಅರ್ಥದಲ್ಲಿ ನಮ್ಮ ಬಾಯಲ್ಲಿ ಉಳಿದಿರುವುದು ವಿನೋದವೇ ಸರಿ. ಆದರೆ ಆ ಶಾಸನಗಳಲ್ಲಿ ಗಮನಿಸತಕ್ಕ ವಿಷಯ ಇನ್ನೊಂದುಂಟು. ಸುಂಕದ ಹುಟ್ಟುವಳಿಯನ್ನು ಇಂಥ ದೇವಾಲಯಕ್ಕೆ, ಇಂಥ ಕೆರೆಗೆ, ಇಂಥ ಛತ್ರಕ್ಕೆ ಬಿಟ್ಟಿದೆ ಎಂದು ಕಲ್ಲಿನಲ್ಲಿ ಬರೆಯಿಸಿ ಊರ ನಡುವೆ ನಿಲ್ಲಿಸುತ್ತಿದ್ದರು. ತೆತ್ತವನಿಗೆ ತನ್ನ ಹಣ ಹೋದ ಹಾದಿ ಕಲ್ಲಿನ ಮೇಲೆ ಕಾಣುತ್ತಿದ್ದಿತು. ಆ ಅರಸರೆಲ್ಲರೂ ಪ್ರಜಾಪಾಲಕರಾಗಿದ್ದರೆಂದು ನಾವು ಹೇಳುವುದಿಲ್ಲ. ಲೆಕ್ಕವನ್ನು ಬಯಲಿನಲ್ಲಿ ಇಡುವ ಪದ್ಧತಿಯು ಅವರಿಗೆ ತಿಳಿದಿದ್ದಿತೆಂದಷ್ಟೇ ಹೇಳುತ್ತೇವೆ.

ಸೇತುವೆಗಳ ಮಾತೂ ಹಾಗೆಯೇ. ಕಾವೇರಿಯ ಮೇಲೆ ಶ್ರೀರಂಗಪಟ್ಟಣದಲ್ಲಿ ಕಲ್ಲುಕಂಬಗಳನ್ನು ನಿಲ್ಲಿಸಿ ಸೇತುವೆ ಕಟ್ಟಿಸಿದವರು ಮೈಸೂರಿನ ದಿವಾನ್ ಪೂರ್ಣಯ್ಯನವರು. ಅದು ಮುಗಿದದ್ದು 1804ರಲ್ಲಿ. ಕಟ್ಟಿದ ಕೈ ಕನ್ನಡ ನಾಡಿನದು, ಇಟ್ಟ ಹೆಸರು ಗವರ್ನರ್ ಜನರಲ್ ವೆಲ್ಲೆಸ್ಲಿಯದು. ಅಂದಿನ ಕಾಲಸ್ಥಿತಿಯನ್ನು ತಿಳಿಯಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅದೇ ಕಾವೇರಿಯ ಕೆಳಹರಿವಿನಲ್ಲಿ, ಶಿವನಸಮುದ್ರದಲ್ಲಿ, ರಾಮಸ್ವಾಮಿ ಮೊದಲಿಯಾರ್ ಎಂಬವರು 1830ರ ಸುಮಾರಿನಲ್ಲಿ ಸೇತುವೆಯ ಕೆಲಸವನ್ನು ನಡೆಸಿದರು. ಅದಕ್ಕಾಗಿ ಅವರಿಗೆ ಜನೋಪಕಾರಿ ಎಂಬರ್ಥದ ಬಿರುದೂ ಜಹಗೀರಿಯ ಗ್ರಾಮಗಳೂ ದೊರೆತುವು. ಖಾಸಗಿ ಮನುಷ್ಯನು ಸಾರ್ವಜನಿಕ ಸೇತುವೆಯನ್ನು ಕಟ್ಟುವುದು, ಅದಕ್ಕೆ ಪ್ರತಿಫಲವನ್ನು ಪಡೆಯುವುದು ನಿನ್ನೆ ಮೊನ್ನೆಯ ಸಂಗತಿಯಲ್ಲವೆಂಬುದಕ್ಕೆ ಇದೇ ನಿದರ್ಶನ. ಕಟ್ಟಿದವನಿಗೆ ಪ್ರತಿಫಲ ಸಲ್ಲತಕ್ಕದ್ದೇ. ವಿವಾದವಿರುವುದು ಆ ಪ್ರತಿಫಲದ ಅಳತೆಯಲ್ಲಿ, ಅದರ ಕೊನೆಯಲ್ಲಿ.

ಯಮುನೆಯ ಮೇಲಣ ಪಾಠ

ಆ ಅಳತೆ ತಪ್ಪಿದರೆ ಏನಾಗುವುದೆಂಬುದನ್ನು ತಿಳಿಯಲು ದೆಹಲಿಯ ಯಮುನೆಯ ದಡಕ್ಕೆ ಹೋಗಬೇಕು. ದೆಹಲಿಯನ್ನೂ ಉತ್ತರಪ್ರದೇಶದ ನೋಯ್ಡಾ ನಗರವನ್ನೂ ಕೂಡಿಸುವ ಸೇತುಮಾರ್ಗವೊಂದು ಅಲ್ಲಿ 2001ರ ಫೆಬ್ರವರಿಯಲ್ಲಿ ತೆರೆಯಿತು. ಡಿ.ಎನ್.ಡಿ. ಎಂದು ಅದನ್ನು ಕರೆಯುವರು. ಕೂಡುದಾರಿಗಳೂ ಸೇರಿ ಅದರ ಉದ್ದ ಸುಮಾರು 9 ಕಿಲೋಮೀಟರು. ಅಗಲ ಎಂಟು ಸಾಲುಗಳಷ್ಟು. ಹಳೆಯ ಸೇತುವೆಗಳ ಮೇಲೆ ಗಂಟೆಗಟ್ಟಲೆ ಕಾಯುತ್ತಿದ್ದ ಜನರಿಗೆ ಅದು ಉಪಕಾರ ಮಾಡಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಭಾರತದಲ್ಲಿ ಖಾಸಗಿ ಬಂಡವಾಳದಿಂದ ಕಟ್ಟಿ, ಸುಂಕದಿಂದ ಹಣ ತೆಗೆದು, ಕೊನೆಗೆ ಸಾರ್ವಜನಿಕರಿಗೆ ಒಪ್ಪಿಸುವ ಪದ್ಧತಿಯ ಮೊದಲ ದೊಡ್ಡ ಪ್ರಯೋಗಗಳಲ್ಲಿ ಅದೂ ಒಂದು. ವೆಚ್ಚವಾದದ್ದು ಸುಮಾರು 408 ಕೋಟಿ ರೂಪಾಯಿ.

ಸೇತುವೆ ಚೆನ್ನಾಗಿದ್ದಿತು, ಕರಾರು ಕೆಟ್ಟದ್ದಾಗಿದ್ದಿತು. 1997ರ ನವೆಂಬರ್ 12ರಂದು ನೋಯ್ಡಾ ಪ್ರಾಧಿಕಾರವು ಸುಂಕದ ಕಂಪೆನಿಯೊಡನೆ ಮಾಡಿಕೊಂಡ ಆ ಕರಾರಿನ ಪ್ರಕಾರ, ಯೋಜನೆಯ ಒಟ್ಟು ವೆಚ್ಚವೂ ಅದರ ಮೇಲೆ ವರ್ಷಕ್ಕೆ ಶೇಕಡಾ 20ರ ಪ್ರತಿಫಲವೂ ಕೈಸೇರುವವರೆಗೆ ಸುಂಕ ನಡೆಯತಕ್ಕದ್ದು. ಇದರಲ್ಲಿ ಒಂದು ಚಿಕ್ಕ ಗಂಟು ಅಡಗಿದ್ದಿತು. ಯಾವ ವರ್ಷದಲ್ಲಿ ಸುಂಕದ ಹಣವು ಆ ಶೇಕಡಾ 20ನ್ನು ತುಂಬಲಾರದೋ, ಆ ವರ್ಷದ ಕೊರತೆಯನ್ನು ಮೂಲ ವೆಚ್ಚಕ್ಕೆ ಸೇರಿಸಿಕೊಳ್ಳಬಹುದು. ಮುಂದಿನ ವರ್ಷ ಅದರ ಮೇಲೂ ಶೇಕಡಾ 20.

ಇದರ ಅರ್ಥವನ್ನು ತಿಳಿಯಲು ದೊಡ್ಡ ಲೆಕ್ಕಿಗರೇನೂ ಬೇಕಿಲ್ಲ. ಸಾಹುಕಾರನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ನಮ್ಮ ಯಾವ ರೈತನಾದರೂ ಇದನ್ನು ಬಲ್ಲನು. 100 ರೂಪಾಯಿಯನ್ನು ವರ್ಷಕ್ಕೆ ಶೇಕಡಾ 20ರಂತೆ ಸಾಲ ತಂದವನು ವರ್ಷಕ್ಕೆ 15 ರೂಪಾಯಿಯಂತೆ ತಪ್ಪದೆ ತೀರಿಸುತ್ತ ಬಂದನೆನ್ನಿ. ಮೊದಲ ವರ್ಷದ ಕೊನೆಗೆ ಅವನ ಸಾಲ 105, ಎರಡನೆಯ ವರ್ಷಕ್ಕೆ 111, ಮೂರನೆಯ ವರ್ಷಕ್ಕೆ 118. ಹತ್ತು ವರ್ಷಗಳಲ್ಲಿ ಅವನು ಕೈಯಿಂದ ಕೊಟ್ಟದ್ದು 150 ರೂಪಾಯಿ, ಅಂದರೆ ತಂದದ್ದಕ್ಕಿಂತ ಒಂದೂವರೆ ಪಟ್ಟು. ಆದರೂ ಇನ್ನೂ ಉಳಿದಿರುವ ಸಾಲ ಸುಮಾರು 230 ರೂಪಾಯಿ! ಕೊಟ್ಟಷ್ಟೂ ಬೆಳೆಯುವ ಈ ಸಾಲವನ್ನು ಯಾವ ತಲೆಮಾರೂ ತೀರಿಸಲಾರದು. ಯಮುನೆಯ ಸೇತುವೆಯ ಮೇಲೆ ನಡೆದದ್ದು ಇದೇ. ವರ್ಷ ವರ್ಷವೂ ವಾಹನಗಳು ಹೆಚ್ಚಿದುವು, ಸುಂಕ ಹೆಚ್ಚಿತು. ಪುಸ್ತಕದಲ್ಲಿನ ಬಾಕಿಯು ಮಾತ್ರ ಮೊದಲ ವೆಚ್ಚದ ಅನೇಕ ಪಟ್ಟಾಗಿ ಏರುತ್ತಲೇ ಹೋಯಿತು.

ಜನರು ಎಷ್ಟು ಕಾಲ ಸುಮ್ಮನಿರುವರು? ನೋಯ್ಡಾದ ನಿವಾಸಿಗಳ ಕಲ್ಯಾಣ ಸಂಘಗಳ ಒಕ್ಕೂಟವು 2012ರಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿತು. 2016ರ ಅಕ್ಟೋಬರ್ 26ರಂದು ಆ ನ್ಯಾಯಾಲಯವು ಸುಂಕವನ್ನು ನಿಲ್ಲಿಸತಕ್ಕದ್ದೆಂದು ತೀರ್ಪಿತ್ತಿತು. ಕಂಪೆನಿಯು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ತಡೆಯಾಜ್ಞೆ ಸಿಗಲಿಲ್ಲ, ಬದಲಾಗಿ ಲೆಕ್ಕವನ್ನು ಪರಿಶೀಲಿಸುವಂತೆ ದೇಶದ ಮಹಾಲೇಖಪಾಲರಿಗೆ ಅಪ್ಪಣೆಯಾಯಿತು. ಪರಿಶೀಲನೆಯಲ್ಲಿ ಕಂಡದ್ದೇನು? 2016ರ ಮಾರ್ಚ್ 31ರ ಹೊತ್ತಿಗೇ ಕಂಪೆನಿಯು ತಾನು ತಂದ ಸಾಲಗಳನ್ನು ಬಡ್ಡಿಸಹಿತ ತೀರಿಸಿದ್ದಿತು. ಪಾಲುದಾರರಿಗೆ ಸುಮಾರು 243 ಕೋಟಿ ರೂಪಾಯಿಗಳ ಲಾಭಾಂಶವನ್ನು ಹಂಚಿದ್ದಿತು. ಸಾಲ ತೀರಿದ್ದಿತು, ಲಾಭ ಬಂದಿದ್ದಿತು. ಪುಸ್ತಕದಲ್ಲಿ ಮಾತ್ರ ಪ್ರಜೆಗಳು ಸಾಲಗಾರರಾಗಿಯೇ ಉಳಿದಿದ್ದರು.

2024ರ ಡಿಸೆಂಬರ್ 20ರಂದು ಸರ್ವೋಚ್ಚ ನ್ಯಾಯಾಲಯವು ಉಚ್ಚ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿಯಿತು. ಅದು ಹೇಳಿದ ಮಾತುಗಳ ಸಾರವನ್ನು ಪ್ರತಿಯೊಬ್ಬ ಪೌರನೂ ತಿಳಿದಿರತಕ್ಕದ್ದು. ಅನುಭವವಿಲ್ಲದ ಹೊಸ ಕಂಪೆನಿಯೊಂದಕ್ಕೆ ಬಹಿರಂಗ ಟೆಂಡರು ಕರೆಯದೆ ಗುತ್ತಿಗೆಯನ್ನು ಕೊಟ್ಟದ್ದು ತಪ್ಪು. ಸುಂಕ ವಿಧಿಸುವ ಅಧಿಕಾರವನ್ನು ಪ್ರಾಧಿಕಾರವು ಹೀಗೆ ಪರರ ಕೈಗೆ ಒಪ್ಪಿಸಿದ್ದು ತನ್ನ ಅಧಿಕಾರದ ಮೇರೆಯನ್ನು ಮೀರಿದ ಕೆಲಸ. ಕೊನೆಯಿಲ್ಲದೆ ವಸೂಲು ಮಾಡಲು ಎಡೆಗೊಡುವ ಲೆಕ್ಕದ ಸೂತ್ರವು ಸಾರ್ವಜನಿಕ ಹಿತಕ್ಕೆ ವಿರುದ್ಧ. ಸೇತುವೆ ಅಲ್ಲಿಯೇ ಇದೆ. ಯಮುನೆ ಅಲ್ಲಿಯೇ ಹರಿಯುತ್ತಿದೆ. 2016ರಿಂದ ಜನರು ಸುಂಕವಿಲ್ಲದೆ ದಾಟುತ್ತಿದ್ದಾರೆ. ಆದರೆ ಈ ನ್ಯಾಯ ದೊರೆಯಬೇಕಾದರೆ ಸೇತುವೆ ತೆರೆದ ಮೇಲೆ ಹದಿನೈದು ವರ್ಷಗಳ ಸುಂಕವೂ ಹನ್ನೆರಡು ವರ್ಷಗಳ ವ್ಯಾಜ್ಯವೂ ಬೇಕಾದುವು.

ಪರದೇಶಗಳ ಅನುಭವ

ಇದು ನಮ್ಮ ದೇಶದ ದುರದೃಷ್ಟವೆಂದು ಭಾವಿಸತಕ್ಕದ್ದಲ್ಲ. ನಮ್ಮನ್ನು ಆಳಿದವರ ರಾಜಧಾನಿಯಾದ ಲಂಡನ್ನಿನ ಥೇಮ್ಸ್ ನದಿಯ ಮೇಲೂ ಒಂದು ಕಾಲದಲ್ಲಿ ಹಲವು ಸೇತುವೆಗಳಿಗೆ ಸುಂಕದ ಬಾಗಿಲಿದ್ದಿತು. 1769ರಲ್ಲಿ ತೆರೆದ ಬ್ಲ್ಯಾಕ್‌ಫ್ರಯರ್ಸ್ ಸೇತುವೆಯ ಸುಂಕವು 1785ರಲ್ಲಿ ನಿಂತಿತು. 1817ರಲ್ಲಿ ತೆರೆದ ವಾಟರ್‌ಲೂ ಸೇತುವೆಯನ್ನು ಕಟ್ಟಿದ್ದು ಕಂಪೆನಿ. ನಡೆದುಹೋಗುವವನೂ ಒಂದು ಪೆನ್ನಿ ಕೊಡಬೇಕಾಗಿದ್ದಿತು. ಪೆನ್ನಿಯನ್ನು ಉಳಿಸುವುದಕ್ಕಾಗಿ ಬಡವರು ಸುತ್ತುಹಾದಿ ಹಿಡಿದು ಬೇರೆ ಸೇತುವೆಗಳಲ್ಲಿ ನೂಕುನುಗ್ಗಲಾಡಿದರು. ಸುಂಕದ ಸೇತುವೆಯು ಬಹುಮಟ್ಟಿಗೆ ಬರಿದಾಗಿ ನಿಂತಿತು. ಕೊನೆಗೆ ನಗರದ ಮಂಡಲಿಯೇ ಅದನ್ನು ಕೊಂಡು 1878ರಲ್ಲಿ ಸುಂಕವನ್ನು ತೆಗೆಯಿತು. ಇಂಗ್ಲೆಂಡಿನಿಂದ ವೇಲ್ಸಿಗೆ ದಾಟಿಸುವ ಸೆವರ್ನ್ ನದಿಯ ಮೊದಲ ಮಹಾಸೇತುವೆಯು 1966ರಲ್ಲಿ ತೆರೆಯಿತು; ಅಲ್ಲಿನ ಸುಂಕವು 52 ವರ್ಷಗಳ ತರುವಾಯ, 2018ರ ಡಿಸೆಂಬರ್ 17ರಂದು ನಿಂತಿತು.

ಬೇರೆ ಬಗೆಯ ದೃಷ್ಟಾಂತಗಳೂ ಇವೆ. ಆಸ್ಟ್ರೇಲಿಯದ ಸಿಡ್ನಿಯ ಬಂದರು ಸೇತುವೆಯು 1932ರಲ್ಲಿ ತೆರೆಯಿತು, ಅದರ ಸಾಲವು 1988ರಲ್ಲಿ ತೀರಿತು, ಸುಂಕವು ತೀರಲಿಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ಸಾಲಪತ್ರಗಳು 1971ರಲ್ಲಿ ತೀರಿದುವು; ಅಲ್ಲಿಯೂ ಸುಂಕವು ನಡೆದೇ ಇದೆ. ಆದರೆ ಆ ಎರಡು ಕಡೆಗಳಲ್ಲಿ ಹಣವು ಸಾರ್ವಜನಿಕ ಸಂಸ್ಥೆಗೆ ಸೇರುವುದು, ಸಾಲ ಯಾವಾಗ ತೀರಿತೆಂಬುದು ಊರಿಗೆಲ್ಲ ಗೊತ್ತಿರುವುದು. ಸುಂಕವನ್ನು ಮುಂದುವರಿಸುವುದೇ ಸರಿಯೆಂದು ಒಂದು ಜನತೆಯು ಲೆಕ್ಕವನ್ನು ನೋಡಿ ಒಪ್ಪಿದರೆ ಅದು ಅವರ ಇಷ್ಟ. ಲೆಕ್ಕವನ್ನೇ ಕಾಣದೆ ತೆರುವುದು ಬೇರೆ ಮಾತು.

ನಮ್ಮ ಹೆದ್ದಾರಿಗಳ ಸ್ಥಿತಿ

ಈಗ ಮನೆಗೆ ಬರೋಣ. ಪೂರ್ಣಯ್ಯನವರು ಸೇತುವೆ ಕಟ್ಟಿಸಿದ ಅದೇ ಶ್ರೀರಂಗಪಟ್ಟಣದ ತಾಲ್ಲೂಕಿನಲ್ಲಿ, ಗಣಂಗೂರಿನ ಬಳಿ, ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಸುಂಕದ ಕಟ್ಟೆಯು 2023ರ ಜುಲೈ 1ರಂದು ತೆರೆಯಿತು. ಅದೇ ಹೆದ್ದಾರಿಯ ಬೆಂಗಳೂರಿನ ಕಡೆಯ ಭಾಗದಲ್ಲಿ ಅದೇ ವರ್ಷದ ಮಾರ್ಚ್ ತಿಂಗಳಲ್ಲಿಯೇ ವಸೂಲಿ ಮೊದಲಾಗಿದ್ದಿತು. ಕಾರಿಲ್ಲದ ಬಡವನಿಗೆ ಇದರಿಂದೇನು ಎನ್ನುವವರು, ಆ ಮಾರ್ಚ್ ತಿಂಗಳಲ್ಲಿ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯು ಆ ಮಾರ್ಗದ ಟಿಕೆಟುಗಳಿಗೆ ಸಾಮಾನ್ಯ ಬಸ್ಸಿನಲ್ಲಿ 15 ರೂಪಾಯಿ, ರಾಜಹಂಸದಲ್ಲಿ 18 ರೂಪಾಯಿ ಬಳಕೆದಾರ ಶುಲ್ಕವೆಂದು ಸೇರಿಸಿದುದನ್ನು ನೆನೆಯಬೇಕು. ಸುಂಕದ ಕಟ್ಟೆಯಲ್ಲಿ ನಿಲ್ಲುವವನು ಚಾಲಕನು. ತೆರುವವರು ಒಳಗೆ ಕುಳಿತವರೆಲ್ಲರು. ಲಾರಿಯ ಸುಂಕವು ತರಕಾರಿಯ ಬೆಲೆಯಲ್ಲಿಯೂ ಗೊಬ್ಬರದ ಬೆಲೆಯಲ್ಲಿಯೂ ಅಡಗಿ ಕುಳಿತು ಕೊಳಾಲದ ಅಂಗಡಿಯವರೆಗೆ ಬರುತ್ತದೆ.

ಸೇತುವೆಗಳನ್ನು ಕುರಿತ ನಿಯಮವನ್ನಂತೂ ಬಹುಮಂದಿ ಅರಿಯರು. ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಂಕವನ್ನು ಕಿಲೋಮೀಟರಿನ ಲೆಕ್ಕದಲ್ಲಿ ಕಟ್ಟುವಾಗ, ದೊಡ್ಡ ಸೇತುವೆ, ಸುರಂಗ, ಮೇಲುಸೇತುವೆಗಳ ಉದ್ದವನ್ನು ಹತ್ತು ಪಟ್ಟಾಗಿ ಎಣಿಸುವರು. 20 ಕಿಲೋಮೀಟರಿನ ದಾರಿಯಲ್ಲಿ 2 ಕಿಲೋಮೀಟರು ಸೇತುವೆಯಿದ್ದರೆ, ಉಳಿದ 18ಕ್ಕೆ ಸೇತುವೆಯ 20ನ್ನು ಕೂಡಿಸಿ 38 ಕಿಲೋಮೀಟರಿನ ಸುಂಕವನ್ನು ಕೇಳುವರು. ಇದು ಅತಿಯಾಯಿತೆಂಬ ಕೂಗೆದ್ದ ಮೇಲೆ, 2025ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರದವರು ನಿಯಮವನ್ನು ತಿದ್ದಿದರು: ಈ ಹತ್ತು ಪಟ್ಟಿನ ಲೆಕ್ಕ ಒಂದು ಕಡೆ, ಆ ದಾರಿಯ ಒಟ್ಟು ಉದ್ದದ ಐದು ಪಟ್ಟು ಇನ್ನೊಂದು ಕಡೆ, ಎರಡರಲ್ಲಿ ಕಡಿಮೆಯಾದುದನ್ನು ತೆಗೆದುಕೊಳ್ಳತಕ್ಕದ್ದು. 40 ಕಿಲೋಮೀಟರಿನ ದಾರಿಯು ಪೂರ್ತಿ ಸೇತುವೆಯೇ ಆಗಿದ್ದರೆ 400ರ ಬದಲು 200 ಕಿಲೋಮೀಟರಿನ ಸುಂಕ. ಒಳ್ಳೆಯದೇ. ಆದರೆ ನಾವು ಮೇಲೆ ಹೇಳಿದ 20 ಕಿಲೋಮೀಟರಿನ ದಾರಿಗೆ ಇದರಿಂದ ಒಂದು ಕಾಸೂ ಇಳಿಯದೆಂಬುದನ್ನು ವಾಚಕರೇ ಲೆಕ್ಕ ಹಾಕಿ ನೋಡಬಹುದು.

ಇನ್ನೂ ದೊಡ್ಡದೊಂದು ಮಾರ್ಪಾಡು ಸದ್ದಿಲ್ಲದೆ ನಡೆದುಹೋಗಿದೆ. ಕಟ್ಟಿದ ವೆಚ್ಚವು ಕೈಸೇರಿದ ಮೇಲೆ ಸುಂಕದ ದರವನ್ನು ಶೇಕಡಾ 40ಕ್ಕೆ ಇಳಿಸಬೇಕೆಂದು 2008ರ ನಿಯಮಗಳಲ್ಲಿದ್ದಿತು. ಆ 40 ದುರಸ್ತಿಯ ಖರ್ಚಿಗೆಂದು. 2023ರ ಅಕ್ಟೋಬರಿನ ತಿದ್ದುಪಡಿಯು ಆ ಇಳಿತಾಯವನ್ನು ತೆಗೆದುಹಾಕಿತು. ಅಂದರೆ ಸಾಲವು ತೀರಿದರೂ ಸುಂಕವು ಪೂರ್ತಿಯಾಗಿಯೇ ನಡೆಯುವುದು, ವರ್ಷ ವರ್ಷವೂ ಏರುವುದು. ಯಮುನೆಯ ಸೇತುವೆಯ ಮೇಲೆ ಕಂಪೆನಿಯು ಮಾಡಿದರೆ ತಪ್ಪಾದದ್ದು, ಸರ್ಕಾರವು ಮಾಡಿದರೆ ಸರಿಯಾಗುವುದೇ? ಅಲ್ಲಿ ಹಣ ಪಾಲುದಾರರ ಕೈಗೆ ಹೋಯಿತು, ಇಲ್ಲಿ ಬೊಕ್ಕಸಕ್ಕೆ ಹೋಗಿ ಬೇರೆ ರಸ್ತೆಗಳಿಗೆ ಒದಗುವುದೆಂಬ ಭೇದವುಂಟು. ಅದನ್ನು ನಾವು ಮರೆಯುವುದಿಲ್ಲ. ಆದರೆ ಬೊಕ್ಕಸಕ್ಕೆ ಹಣ ಬೇಕಾದರೆ ಶಾಸನಸಭೆಯ ಮುಂದೆ ತೆರಿಗೆಯೆಂದು ಕೇಳತಕ್ಕದ್ದು. ತೀರಿದ ಸಾಲದ ಹೆಸರಿನಲ್ಲಿ ದಾರಿಯ ಮೇಲೆ ನಿಂತು ಕೇಳತಕ್ಕದ್ದಲ್ಲ. ವಾಹನವನ್ನು ಕೊಳ್ಳುವಾಗ ತೆರಿಗೆ, ಎಣ್ಣೆ ತುಂಬಿಸುವಾಗ ರಸ್ತೆಯ ಹೆಸರಿನ ಉಪಕರ, ದಾರಿಯಲ್ಲಿ ಸುಂಕ, ಹೀಗೆ ಒಂದೇ ರಸ್ತೆಗೆ ಮೂರು ಬಾರಿ ಕೈಯೊಡ್ಡುವಾಗ ಲೆಕ್ಕ ಕೇಳುವ ಹಕ್ಕು ಪ್ರಜೆಗೆ ಮೂರರಷ್ಟಾಗುತ್ತದೆ.

2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಯಿತು. ಕಟ್ಟೆಗಳಲ್ಲಿ ಕಾಯುವ ಹೊತ್ತು ಕಡಿಮೆಯಾಯಿತು. ಇದು ದೊಡ್ಡ ಅನುಕೂಲ. ಆದರೆ ಕಿಸೆಯಿಂದ ತೆಗೆದು ಎಣಿಸಿ ಕೊಡುವಾಗ ಆಗುತ್ತಿದ್ದ ನೋವು ಒಂದು ಬಗೆಯ ಕಾವಲಾಗಿದ್ದಿತು. ಇಂದು ಗಾಜಿನ ಮೇಲಿನ ಚೀಟಿಯು ತಾನಾಗಿ ಹಣ ಕೊಡುವುದು; ಕೊಟ್ಟವನಿಗೆ ಕೊಟ್ಟದ್ದು ತಿಳಿಯದು. ಕಾಣದೆ ಹೋಗುವ ಹಣದ ಲೆಕ್ಕವನ್ನು ಇನ್ನಷ್ಟು ಎಚ್ಚರದಿಂದ ಕೇಳಬೇಕಲ್ಲವೇ?

ಸುಂಕವೆಂದರೆ ಅಭಯವೂ ಹೌದು

ಸುಂಕದಲ್ಲಿ ಇನ್ನೊಂದು ಕರಾರು ಅಡಗಿದೆ. ಕಾಸು ಪಡೆದ ಅಂಬಿಗನು ದೋಣಿಯು ತೂತಿಲ್ಲದ್ದೆಂದು ಹೊಣೆ ಹೊರುವನು. ಗುಜರಾತಿನ ಮೋರ್ಬಿ ನಗರದ ಮಚ್ಛೂ ನದಿಯ ಮೇಲೆ 1879ರ ತೂಗುಸೇತುವೆಯೊಂದಿದ್ದಿತು. ದುರಸ್ತಿಯಾಯಿತೆಂದು ಹೇಳಿ ಅದನ್ನು 2022ರ ಅಕ್ಟೋಬರ್ 26ರಂದು ಜನರಿಗೆ ತೆರೆದರು, ಟಿಕೆಟು ಮಾರಿದರು. ನಾಲ್ಕೇ ದಿನಗಳಲ್ಲಿ, 30ರ ಸಂಜೆ, ಅದು ಹರಿದು ಬಿದ್ದು 135 ಜನರು ಪ್ರಾಣ ಕಳೆದುಕೊಂಡರು. ಅದರ ಹಗ್ಗದ ತಂತಿಗಳಲ್ಲಿ ಹಲವು ಮೊದಲೇ ತುಕ್ಕು ಹಿಡಿದಿದ್ದುವೆಂದು ತನಿಖೆಯಲ್ಲಿ ಹೊರಬಂದಿತು. ಟಿಕೆಟು ಕೊಟ್ಟ ಕೈಯು ತಂತಿಯನ್ನು ಮುಟ್ಟಿ ನೋಡಲಿಲ್ಲ.

ನಮ್ಮ ನಾಡಿನಲ್ಲಿಯೂ ಎಚ್ಚರಿಕೆಯ ಗಂಟೆ ಬಾರಿಸಿದೆ. ಕಾರವಾರದ ಕಾಳಿ ನದಿಯ ಹಳೆಯ ಸೇತುವೆಯು 2024ರ ಆಗಸ್ಟ್ 7ರ ನಡುರಾತ್ರಿ ಕಳಚಿಬಿದ್ದಿತು. ಲಾರಿಯೊಂದು ಹೊಳೆಗೆ ಬಿತ್ತು. ಅದರ ಚಾಲಕನನ್ನು ಬದುಕಿಸಿದ್ದು ದೈವಕೃಪೆ ಮತ್ತು ನೆರವಿಗೆ ಬಂದವರ ಸಾಹಸ. ನಡುಹಗಲಲ್ಲಿ ಬಿದ್ದಿದ್ದರೆ? ತುಮಕೂರಿನ ಕಡೆಯ ಜನರು ದಿನವೂ ಬಳಸುವ ಪೀಣ್ಯದ ಮೇಲುಸೇತುವೆಯು 2010ರಲ್ಲಿ ತೆರೆದದ್ದು. ಒಳಗಿನ ಬಿಗಿತಂತಿಗಳಲ್ಲಿ ದೋಷ ಕಂಡು 2021ರ ಡಿಸೆಂಬರ್ 25ರಂದು ಅದನ್ನು ಮುಚ್ಚಿದರು. ಚಿಕ್ಕ ವಾಹನಗಳನ್ನು 2022ರ ಫೆಬ್ರವರಿಯಲ್ಲಿ ಬಿಟ್ಟರು. ಬಸ್ಸು ಲಾರಿಗಳನ್ನು 2024ರ ಜುಲೈ ಕೊನೆಯವರೆಗೆ ಬಿಡಲಿಲ್ಲ. ಸುಮಾರು ಎರಡೂವರೆ ವರ್ಷ ಭಾರಿ ವಾಹನಗಳು ಕೆಳಗಿನ ರಸ್ತೆಯಲ್ಲಿ ತೆವಳಿದುವು. ದೋಷವನ್ನು ಕಂಡೊಡನೆ ಮುಚ್ಚಿದುದು ಸರಿಯಾದ ಕೆಲಸವೇ. ಅಪಾಯವನ್ನು ಮರೆಮಾಚುವುದಕ್ಕಿಂತ ಅದು ಸಾವಿರ ಪಾಲು ಮೇಲು. ಆದರೆ ಹನ್ನೊಂದು ವರ್ಷಕ್ಕೇ ಸೇತುವೆಯು ಹೀಗಾದರೆ, ಸುಂಕದ ಹಣದಲ್ಲಿ ಸೇರಿರುವ ದುರಸ್ತಿಯ ಪಾಲು ಎಲ್ಲಿ ಹೋಯಿತೆಂದು ಕೇಳುವುದು ಅಪರಾಧವೇ?

ಈ ತತ್ತ್ವವನ್ನು ನ್ಯಾಯಾಲಯಗಳೂ ಒಪ್ಪಿವೆ. ಕೇರಳದ ತ್ರಿಶ್ಶೂರಿನ ಪಾಲಿಯೆಕ್ಕರ ಎಂಬಲ್ಲಿ ರಸ್ತೆಯು ಹದಗೆಟ್ಟು ಸಂಚಾರವು ಸಿಕ್ಕುಬಿದ್ದಿರುವಾಗ ಸುಂಕವೇಕೆಂದು ಅಲ್ಲಿನ ಉಚ್ಚ ನ್ಯಾಯಾಲಯವು 2025ರ ಆಗಸ್ಟಿನಲ್ಲಿ ವಸೂಲಿಯನ್ನು ತಡೆಯಿತು. ಸರ್ವೋಚ್ಚ ನ್ಯಾಯಾಲಯವು ಅದರಲ್ಲಿ ಕೈಹಾಕಲೊಪ್ಪಲಿಲ್ಲ. ಅಕ್ಟೋಬರಿನಲ್ಲಿ ವಸೂಲಿಯು ಮತ್ತೆ ಮೊದಲಾಯಿತು. ಆದರೂ ದಾರಿಯಿಲ್ಲದಿದ್ದರೆ ಸುಂಕವಿಲ್ಲವೆಂಬ ಮಾತು ಒಮ್ಮೆ ಸ್ಥಾಪಿತವಾಯಿತು. ನಮ್ಮ ಕರಾವಳಿಯ ಸುರತ್ಕಲ್ಲಿನ ಜನರು ವರ್ಷಗಟ್ಟಲೆ ಹೋರಾಡಿ, ಕೊನೆಗೆ ಹಗಲಿರುಳು ಧರಣಿ ಕುಳಿತು, ತಮ್ಮೂರಿನ ಸುಂಕದ ಕಟ್ಟೆಯನ್ನು 2022ರ ಡಿಸೆಂಬರ್ 1ರಂದು ನಿಲ್ಲಿಸಿಕೊಂಡದ್ದನ್ನೂ ಇಲ್ಲಿ ನೆನೆಯತಕ್ಕದ್ದು.

ಪ್ರತಿಪಕ್ಷದ ಮಾತು

ಸುಂಕವಿಲ್ಲದಿದ್ದರೆ ಸೇತುವೆಯಿಲ್ಲ, ಬಂಡವಾಳವು ಧರ್ಮಕ್ಕೆ ಬರುವುದಿಲ್ಲ ಎಂದು ತಿಳಿದವರು ಹೇಳುವರು. ಈ ಮಾತಿನಲ್ಲಿ ಹುರುಳಿದೆ. ಸೇತುವೆಯನ್ನು ಎಂದೂ ದಾಟದ ಕೂಲಿಕಾರನ ತೆರಿಗೆಯಿಂದ, ದಿನಕ್ಕೆರಡು ಬಾರಿ ಕಾರಿನಲ್ಲಿ ದಾಟುವವನಿಗೆ ಸೇತುವೆ ಕಟ್ಟಿಕೊಡುವುದು ನ್ಯಾಯವಲ್ಲವೆಂಬುದೂ ದಿಟ. ಸಂಚಾರವು ಎಣಿಸಿದಷ್ಟು ಬಾರದೆ ಹಣ ಹೂಡಿದವರು ನಷ್ಟಪಟ್ಟ ಉದಾಹರಣೆಗಳೂ ಉಂಟು. ವಾಟರ್‌ಲೂ ಸೇತುವೆಯ ಪಾಲುದಾರರೇ ಅದಕ್ಕೆ ಸಾಕ್ಷಿ. ಆದುದರಿಂದ ಎಲ್ಲ ಸುಂಕವನ್ನೂ ಇಂದೇ ಎತ್ತಿಬಿಡಿರೆಂದು ನಾವು ಕೂಗುವವರಲ್ಲ. ಸಾಲ ಮಾಡಿ ಕಟ್ಟಿದ ಸೇತುವೆಯ ಸಾಲವನ್ನು ದಾಟುವವರು ತೀರಿಸುವುದು ಧರ್ಮವೇ. ಆದರೆ ಸಾಲವೆಂದ ಮೇಲೆ ಅದಕ್ಕೊಂದು ಪತ್ರವಿರಬೇಕು, ಪತ್ರದಲ್ಲಿ ಮೊತ್ತವಿರಬೇಕು, ತೀರಿದ ದಿನ ಪತ್ರವನ್ನು ಹರಿದು ಕೈಗೆ ಕೊಡಬೇಕು. ಮೊತ್ತವನ್ನು ತೋರಿಸದ, ಕೊನೆಯನ್ನು ಹೇಳದ ವಸೂಲಿಗೆ ಹಳೆಗಾಲದಲ್ಲಿ ಸುಂಕವೆಂಬ ಹೆಸರಿರಲಿಲ್ಲ, ಕಪ್ಪವೆಂಬ ಹೆಸರಿದ್ದಿತು. ಕಪ್ಪವನ್ನು ತೆರುವವರು ಸೋತವರು; ಸ್ವತಂತ್ರ ದೇಶದ ಪೌರರಲ್ಲ.

ಆಗಬೇಕಾದ ಕೆಲಸಗಳು ನಾಲ್ಕು. ಮೊದಲನೆಯದಾಗಿ, ಪ್ರತಿಯೊಂದು ಸುಂಕದ ಕಟ್ಟೆಯ ಬಳಿ, ಆ ಊರಿನ ಜನರು ಓದಬಲ್ಲ ಕನ್ನಡದಲ್ಲಿ, ದೊಡ್ಡ ಹಲಗೆಯ ಮೇಲೆ ಇಷ್ಟನ್ನು ಬರೆಯಿಸತಕ್ಕದ್ದು: ಕಟ್ಟಿದ ವೆಚ್ಚವೆಷ್ಟು, ಈವರೆಗೆ ಬಂದದ್ದೆಷ್ಟು, ದುರಸ್ತಿಗೆ ಹೋದದ್ದೆಷ್ಟು, ಉಳಿದಿರುವುದೆಷ್ಟು, ಕೊನೆಯ ದಿನ ಯಾವುದು. ಜಾಲತಾಣದಲ್ಲಿ ಎಲ್ಲಿಯೋ ಇದೆಯೆಂಬ ಉತ್ತರವು ಸಾಲದು. ಹಣವನ್ನು ಎಲ್ಲಿ ಪಡೆಯುವರೋ ಅಲ್ಲಿಯೇ ಲೆಕ್ಕವನ್ನೂ ತೋರಿಸಲಿ. ಎರಡನೆಯದಾಗಿ, ಕೊರತೆಯನ್ನು ಅಸಲಿಗೆ ಸೇರಿಸಿ ಬಡ್ಡಿಗೆ ಬಡ್ಡಿ ಕಟ್ಟುವ ಕರಾರು ಯಾವ ಸೇತುವೆಗೂ ಬೇಡ. ಗುತ್ತಿಗೆಯನ್ನು ಬಹಿರಂಗ ಟೆಂಡರಿನಿಂದಲೇ ಕೊಡಲಿ. ಮೂರನೆಯದಾಗಿ, ಸಾಲ ತೀರಿದ ಮೇಲೆ ದುರಸ್ತಿಗೆ ಬೇಕಾದಷ್ಟನ್ನು ಮಾತ್ರ ಉಳಿಸಿ ಮಿಕ್ಕುದನ್ನು ಇಳಿಸುವ ಹಳೆಯ ನಿಯಮವನ್ನು ಮತ್ತೆ ತರಲಿ. ನಾಲ್ಕನೆಯದಾಗಿ, ಸೇತುವೆಯು ಮುಚ್ಚಿದ ದಿನ ಅದರ ಸುಂಕವೂ ತಾನಾಗಿ ಮುಚ್ಚಲಿ. ವರ್ಷಕ್ಕೊಮ್ಮೆ ಪರೀಕ್ಷಿಸಿದ ಎಂಜಿನಿಯರರ ವರದಿಯು ಅದೇ ಹಲಗೆಯ ಕೆಳಗೆ ಇರಲಿ.

ಇವುಗಳಲ್ಲಿ ಅಸಾಧ್ಯವಾದುದು ಯಾವುದು? ಎಂಟುನೂರು ವರ್ಷಗಳ ಹಿಂದಿನ ಸುಂಕದ ಹೆಗ್ಗಡೆಯು ಕಲ್ಲಿನ ಮೇಲೆ ಕೆತ್ತಿಸಿ ನಿಲ್ಲಿಸಬಲ್ಲವನಾಗಿದ್ದರೆ, ಕ್ಷಣಕ್ಷಣದ ವಾಹನವನ್ನೂ ಯಂತ್ರದಿಂದ ಎಣಿಸಬಲ್ಲ ಇಂದಿನವರಿಗೆ ಒಂದು ಹಲಗೆಯನ್ನು ಬರೆಯಿಸುವುದು ಕಷ್ಟವಾಗಲಾರದು. ಕಷ್ಟವಿರುವುದು ಕೇಳುವವರಿಲ್ಲದ ಕಡೆ. ನೋಯ್ಡಾದವರು ಸಂಘ ಕಟ್ಟಿ ಕೇಳಿದರು. ಸುರತ್ಕಲ್ಲಿನವರು ಬೀದಿಯಲ್ಲಿ ಕುಳಿತು ಕೇಳಿದರು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಮಹಾಜನಗಳು ಗ್ರಾಮಸಭೆಯಲ್ಲಿ ಠರಾವು ಮಾಡಿ, ಮಾಹಿತಿ ಹಕ್ಕಿನ ಅರ್ಜಿ ಬರೆದು, ತಮ್ಮ ಪ್ರತಿನಿಧಿಗಳನ್ನು ನಿಲ್ಲಿಸಿ ಕೇಳಬಹುದು. ಮುಂದಿನ ಬಾರಿ ಬೆಂಗಳೂರಿನ ದಾರಿಯಲ್ಲಿ ಸುಂಕದ ಕಟ್ಟೆಯ ಕಂಬವು ಮೇಲೇಳುವಾಗ, ಉಳಿದಿರುವ ಸಾಲವೆಷ್ಟೆಂದು ಚಾಲಕನನ್ನೂ ಕಟ್ಟೆಯವನನ್ನೂ ಪ್ರತಿಯೊಬ್ಬ ಪ್ರಯಾಣಿಕನೂ ಕೇಳಲಿ. ಅವರಿಬ್ಬರಿಗೂ ಗೊತ್ತಿರದು. ಅಂಥ ಉತ್ತರವಿಲ್ಲದ ಪ್ರಶ್ನೆಯನ್ನು ಸಾವಿರ ಜನ ದಿನವೂ ಕೇಳತೊಡಗಿದರೆ ಗೊತ್ತಿರುವವರು ಹೊರಗೆ ಬಂದು ಹೇಳಲೇಬೇಕಾಗುವುದು.